ವಿಶೇಷ ಆಹ್ವಾನಿತರು

"ನಮ್ಮ ಯೂನಿವರ್ಸಿಟಿ ಆಡಳಿತದಲ್ಲಿ ನಾನೂ ಇದೀನಿ ಕಣ್ರೋ" ಅಂದ್ರು ಮೂರ್ತಿ ಮೇಷ್ಟ್ರು. ಸೀನನ ಬೈಟು ಕಾಫಿ ನೆತ್ತಿಗೆ ಹತ್ತಿತು.

"ಖಾಸಗಿ ವಿವಿಯಲ್ಲಾ? ಅಪ್ಪ ಕುಲಾಧಿಪತಿ, ಮಗ ಸಹ ಕುಲಾಧಿಪತಿ ಅಂತಿದ್ರಿ. ನೀವೆಲ್ಲಿ ತೂರಿಕೊಂಡ್ರಿ?"

"ಹುದ್ದೆಯ ಹೆಸರಲ್ಲೇ 'ಕುಲ' ಇದೆ, ಮನೆಯವರು ಕೂರದೆ ಇನ್ಯಾರು ಕೂರ್ತಾರೆ?" ಅಂದೆ ನಾನು.

"ನಾನಿರೋದು ಐಕ್ಯೂಎಸಿಯಲ್ಲಿ. ಕಾಲೇಜು, ವಿವಿಗಳಿಗೆ ಗ್ರೇಡು ಕೊಡೋ ನ್ಯಾಕ್‌ಗೆ ಬೇಕಲ್ಲ, ಗುಣಮಟ್ಟದ ಕೋಶ, ಅದೇ ಇದು. ಮೇಷ್ಟ್ರುಗಳು, ವಿದ್ಯಾರ್ಥಿ, ಹಳೇ ವಿದ್ಯಾರ್ಥಿ, ಎಲ್ಲರೂ ಇರಬೇಕು."

"ಅಲ್ಲೇನು ಮಾಡ್ತೀರಿ?"

"ಸಹಿ."

"ಆಮೇಲೆ?"

"ಸಮೋಸ."

ಸೀನನ ಅಕ್ಕನ ಮಗ ಪುಟ್ಟ ಎಂಬಿಎ ಓದೋನು. ಅವನೂ ಎದೆಯುಬ್ಬಿಸಿದ. "ನಾನು ಕುಂದುಕೊರತೆ ಸಮಿತೀಲಿದೀನಿ ಮಾಮ. ಯುಜಿಸಿಯ 2023ರ ನಿಯಮ. ಒಬ್ಬ ವಿದ್ಯಾರ್ಥಿ ಇರಲೇಬೇಕು, ವಿಶೇಷ ಆಹ್ವಾನಿತ ಅಂತ."

"ಅಂದ್ರೆ ಊಟಕ್ಕೆ ಕರೀತಾರೆ, ಧಾರೆಗೆ ಕರೆಯಲ್ಲ. ನಿನಗೆ ವೋಟು ಹಾಕಿದ್ಯಾರೋ?"

"ವೋಟೆಲ್ಲಿ? ಮಾರ್ಕ್ಸು ನೋಡಿ ನೇಮಿಸಿದ್ರು."

ಫೀಸು ಹೆಚ್ಚಾಯ್ತು ಅಂತ ಗೊಣಗೋರು ಹಿಂದಿನ ಬೆಂಚಿನೋರು, ಅವರ ಪರ ಕೂರೋನು ಮೊದಲ ರ‍್ಯಾಂಕಿನೋನು. ಇದು ನನಗೆ ಇವತ್ತಿಗೂ ಅರ್ಥವಾಗದ ಲೆಕ್ಕ. 2006ರಲ್ಲೇ ಲಿಂಗ್ಡೊ ಸಮಿತಿ ವಿದ್ಯಾರ್ಥಿ ಚುನಾವಣೆಗೆ ದಾರಿ ತೋರಿಸಿ, ಅಭ್ಯರ್ಥಿ ಖರ್ಚಿಗೆ 5,000 ರೂಪಾಯಿ ಮಿತಿನೂ ಹಾಕಿತ್ತು. ಪುಟ್ಟನ ಕಾಲೇಜಿನ ಫೆಸ್ಟಿಗೆ ಅಷ್ಟರಲ್ಲಿ ಫ್ಲೆಕ್ಸೂ ಬರಲ್ಲವಂತೆ.

"ಇಟಲಿಯ ಬೊಲೋನ್ಯ ಗೊತ್ತಾ?" ಅಂದೆ. "ಮಧ್ಯಯುಗದಲ್ಲಿ ಅಲ್ಲಿ ಯೂನಿವರ್ಸಿಟಿ ನಡೆಸ್ತಿದ್ದೋರು ಹುಡುಗರೇ. ಸಂಬಳ ಕೊಡೋರೂ ಅವರೇ. ಮೇಷ್ಟ್ರು ತಡವಾಗಿ ಬಂದ್ರೆ ದಂಡ, ಗಂಟೆ ಹೊಡೆದ ಮೇಲೂ ಕೊರೆದ್ರೆ ದಂಡ. ಊರು ಬಿಟ್ಟು ಹೋಗಬೇಕಂದ್ರೆ ಠೇವಣಿ ಇಟ್ಟು ಹೋಗಬೇಕು."

ಪುಟ್ಟನ ಕಣ್ಣು ಇಷ್ಟಗಲ ಆಯ್ತು. "ಇನ್ನೂ?"

"ಪಾಠಕ್ಕೆ ಐದು ಜನಾನಾದ್ರೂ ಸೇರದಿದ್ರೆ ಮೇಷ್ಟ್ರೇ ಗೈರುಹಾಜರಿ ಅಂತ ಲೆಕ್ಕ, ಅದಕ್ಕೂ ದಂಡ."

ಮೇಷ್ಟ್ರು ಲೋಟ ಕೆಳಗಿಟ್ಟರು. "ಶುಕ್ರವಾರ ಮಧ್ಯಾಹ್ನ ಮೂರರ ಕ್ಲಾಸು ನಂದು ಕಣಯ್ಯಾ. ತಿಂಗಳ ಕೊನೆಗೆ ನಾನೇ ಅವರಿಗೆ ಬಾಕಿ ಬೀಳ್ತೀನಿ. ಬೇಡ, ಅಪ್ಪ-ಮಗನೇ ಇರಲಿ."

"ಅಯ್ಯೋ, ಈಗ ತಾನೆ ಆಡಳಿತದಲ್ಲಿದೀನಿ ಅಂದ್ರಿ!"

ಅಷ್ಟರಲ್ಲಿ ಅವರ ಫೋನ್ ಟಿಣ್ ಅಂತು. ಓದಿಕೊಂಡು ಪುಟ್ಟನ ಕಡೆ ನೋಡಿದರು.

"ನಾಳೆ ಹತ್ತಕ್ಕೆ ಸಭೆ. ತೀರ್ಮಾನದ ಪ್ರತಿ ಈಗಲೇ ಕಳಿಸಿದಾರೆ. ತಿಳಿನೀಲಿ ಶರ್ಟು ಹಾಕ್ಕೊಂಡು ಬನ್ನಿ, ಫೋಟೋ ಇದೆ ಅಂತ."