‘ಸದಾರಮೆ’ ಎರಡೂವರೆ ಗಂಟೆಯಲ್ಲಿ: ಹಾಡು ಎಷ್ಟು ಉಳಿಸೋದು, ಹಾರ್ಮೋನಿಯಂ ಪೆಟ್ಟಿಗೆ ಎಲ್ಲಿಡೋದು?

ಪ್ರಶ್ನೆ: ತುಮಕೂರು ಹವ್ಯಾಸಿ

ನಮ್ಮ ತಂಡ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಕಂಪನಿ ನಾಟಕ ‘ಸದಾರಮೆ’ ಕೈಗೆತ್ತಿಕೊಂಡಿದೆ. ಹಾಲ್ ಸಿಗೋದು ಮೂರೇ ಗಂಟೆ, ಅಂದ್ರೆ ನಾಟಕ ಎರಡೂವರೆಗೆ ಮುಗೀಬೇಕು. ಹಾಡು, ರಾಗವಾಗಿ ಹೇಳೋ ಕಂದ, ವೃತ್ತ ಪದ್ಯ ಎಲ್ಲ ಇಟ್ಟರೆ ನಾಲ್ಕು ದಾಟುತ್ತೆ. ಯಾವುದಕ್ಕೆ ಕತ್ತರಿ ಹಾಕೋದು? ಇನ್ನೊಂದು, ರಾಜಕುಮಾರನ ಶ್ರುತಿ ಕಪ್ಪು ಒಂದು (ಹಾರ್ಮೋನಿಯಂನ ಮೊದಲನೇ ಕಪ್ಪು ಮನೆ), ಸದಾರಮೆಯದು ಕಪ್ಪು ನಾಲ್ಕು. ಯುಗಳಗೀತೆಯಲ್ಲಿ ಯಾರೋ ಒಬ್ಬರು ಒದ್ದಾಡ್ತಾರೆ. ಕಾಲಲ್ಲಿ ತುಳಿದು ನುಡಿಸೋ ಹಾರ್ಮೋನಿಯಂ, ಅದೇ ಕಾಲುಪೆಟ್ಟಿಗೆ, ಅದರ ಸದ್ದಿಗೆ ಮಾತೂ ಮುಳುಗುತ್ತೆ. ಆದಿಮೂರ್ತಿ, ಕಳ್ಳ ಎರಡೂ ಪಾತ್ರ ಒಬ್ಬನೇ ಮಾಡೋದು.

ಉತ್ತರ: ನೇಪಥ್ಯ

ಮೊದಲು ಕತ್ತರಿ ಹಾಕಬೇಕಾದ್ದು ಹಾಡಿಗಲ್ಲ, ಹಾಡಿನೊಳಗಿನ ಆಲಾಪನೆಗೆ, ಮೂರು ಮೂರು ಸಲ ತಿರುಗಿ ಬರೋ ಪಲ್ಲವಿಗೆ. ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ: ಎರಡೂವರೆ ನಿಮಿಷ. ಹಾಗೆ ಹನ್ನೆರಡು ಹಾಡು ಇಟ್ಟರೂ ಅರ್ಧ ಗಂಟೆ ಅಷ್ಟೇ. ಆಮೇಲೆ, ಈಗಷ್ಟೇ ಮಾತಲ್ಲಿ ಹೇಳಿದ್ದನ್ನೇ ಮತ್ತೆ ಹೇಳೋ ಹಾಡುಗಳನ್ನ ಬಿಡಿ. ಪಾತ್ರ ಪ್ರವೇಶದ ಹಾಡು ಮಾತ್ರ ಬಿಡಬೇಡಿ. ಕಂದಕ್ಕೆ ತಾಳದ ಹಂಗಿಲ್ಲ, ಅರ್ಧ ನಿಮಿಷದ್ದು. ಜಗಳದ ಮಧ್ಯೆ ಅದರಷ್ಟು ಚುರುಕಾದ್ದು ಇನ್ನೊಂದಿಲ್ಲ, ಇರಲಿ.

ಕಳ್ಳನ ದೃಶ್ಯದ ಒಂದು ಸಾಲೂ ಮುಟ್ಟಬೇಡಿ. ಗುಬ್ಬಿ ವೀರಣ್ಣನವರ ಕಾಲದಿಂದಲೂ ಜನ ಬರೋದೇ ಅದಕ್ಕೆ. ಆದ್ರೆ ಹಾಸ್ಯದವನು ಚಪ್ಪಾಳೆ ಬಿದ್ದಂತೆಲ್ಲ ಮಾತು ಸೇರಿಸ್ತಾ ಹೋಗ್ತಾನೆ, ಐದು ನಿಮಿಷದ ದೃಶ್ಯ ಹನ್ನೆರಡಾಗುತ್ತೆ. ‘ಈ ಮಾತು ಬಂದಮೇಲೆ ಸೇರಿಸೋ ಹಾಗಿಲ್ಲ’ ಅಂತ ಒಂದು ಸಾಲು ಗೊತ್ತುಮಾಡಿ, ಅದು ಬಂದ ಕೂಡಲೇ ಪೆಟ್ಟಿಗೆ ಮೇಷ್ಟ್ರು ಮುಂದಿನ ಹಾಡು ಎತ್ತಿಬಿಡಲಿ. ರಿಹರ್ಸಲಲ್ಲಿ ನಗು ಇರಲ್ಲ, ಆದ್ದರಿಂದ ಅಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿದರೆ ಮಾತ್ರ ಸರಿ.

ಎರಡು ಪಾತ್ರ ಮಾಡೋನ ವೇಷ ಬದಲಾವಣೆಗೆ ನಾಲ್ಕು ನಿಮಿಷ ಬೇಕು. ಆ ಹೊತ್ತಿಗೆ ಮುಂದಿನ ರಸ್ತೆ ಪರದೆ ಇಳಿಸಿ, ಅದರೆದುರು ಬೇರೆಯವರ ದೃಶ್ಯ ನಡೆಸಿ. ಹಿಂದೆ ಕಾಡಿನ ಪರದೆಯೂ ಸಿದ್ಧವಾಗುತ್ತೆ. ಪರದೆಗೂ ರಂಗದ ಅಂಚಿಗೂ ಆರಡಿ ಇರಲಿ, ಇಲ್ಲದಿದ್ರೆ ನಟರ ಮೈ ತಾಗಿ ಚಿತ್ರದ ಬೀದಿಯೆಲ್ಲ ಅಲ್ಲಾಡುತ್ತೆ. ಪರದೆ ಮಡಚಿ ತರಬೇಡಿ, ಬಿದಿರಿಗೆ ಸುತ್ತಿ ತನ್ನಿ. ಮಡಿಕೆ ಗೆರೆ ಲೈಟಲ್ಲಿ ಎದ್ದು ಕಾಣುತ್ತೆ.

ಉತ್ತರ: ಕಪ್ಪು ಬಿಳುಪು

ಶ್ರುತಿಗೆ ದಾರಿ ಇದೆ. ಯುಗಳಗೀತೆಗೆ ಮಾತ್ರ ಸದಾರಮೆಯನ್ನ ಕಪ್ಪು ನಾಲ್ಕರಿಂದ ಕಪ್ಪು ಮೂರಕ್ಕೆ ಇಳಿಸಿ. ಆಗ ಅವನ ಸಾ ಅವಳಿಗೆ ಪಾ ಆಗುತ್ತೆ, ಅವಳ ಸಾ ಅವನಿಗೆ ಮಾ. ಕಪ್ಪು ಒಂದು, ಮೂರು ಎರಡನ್ನೂ ಹಿಡಿದರೆ ಇಬ್ಬರಿಗೂ ಶ್ರುತಿ ಆಯ್ತು. ಅವನು ತನ್ನ ಚರಣ ಕಪ್ಪು ಒಂದರಿಂದ, ಅವಳು ಕಪ್ಪು ಮೂರರಿಂದ. ನಡುವಿನ ಬಿಟ್ ಮ್ಯೂಸಿಕ್ ಯಾವಾಗಲೂ ಕಪ್ಪು ಒಂದರಲ್ಲಿ ನಿಲ್ಲಲಿ, ಮುಂದೆ ಎತ್ತೋರಿಗೆ ಸ್ವರ ಸಿಗುತ್ತೆ. ತಬಲವನ್ನೂ ಕಪ್ಪು ಒಂದಕ್ಕೇ ಕೂಡಿಸಿ. ಮೂರಕ್ಕೆ ಕೂಡಿಸಿದರೆ ಮೋಹನದಂಥ ಮಧ್ಯಮ ಇಲ್ಲದ ರಾಗದಲ್ಲಿ ಅವನ ಹಾಡಿಗೆ ಅಪಸ್ವರ. ಇಬ್ಬರೂ ಸೇರಿ ಹೇಳೋ ಕೊನೇ ಸಾಲು ಅವಳ ಸಾದಿಂದ ಪಾ ಒಳಗಿರಲಿ. ಅವನಿಗದು ಮಾದಿಂದ ಮೇಲಿನ ಸಾವರೆಗೆ, ತೊಂದರೆ ಇಲ್ಲ.

ಪೆಟ್ಟಿಗೆ ಸೈಡ್‌ವಿಂಗಿಗೆ ತಳ್ಳಬೇಡಿ. ಕಂಪನಿಯವರು ರಂಗದ ಮುಂದೆ ಕೆಳಗೆ ಕೂರಿಸ್ತಿದ್ದದ್ದು ನಟನ ಮುಖ ಕಾಣಲಿ ಅಂತ. ಹಾಡಿಗೆ ಉಸಿರು ಎಳೆದುಕೊಂಡದ್ದು ಕಂಡರೇ ಮೇಷ್ಟ್ರಿಗೆ ಸರಿಯಾಗಿ ಹಿಡಿಯೋಕಾಗೋದು. ಮೈಕ್ ಪೆಟ್ಟಿಗೆಗೆ ಬೇಡ, ತಬಲಕ್ಕೊಂದು ಸಾಕು. ಮಾತಿನಡಿ ಪೆಟ್ಟಿಗೆ ನುಡಿಸಲೇಬೇಕಾದ್ರೆ ಒಂದೇ ಸಾಲು ರೀಡ್ ತೆರೆದು ಶ್ರುತಿ ಹಿಡಿದರಾಯ್ತು.

ಪ್ರಶ್ನಿಸಿದವರು

ಶ್ರುತಿ ಲೆಕ್ಕ ಅರ್ಥ ಆಯ್ತು ಸರ್. ಪಾತ್ರಧಾರಿಗಳಿಗೆ ಕಾಲರ್ ಮೈಕ್ ಹಾಕಬಹುದಾ? ‘ವನ್ಸ್ ಮೋರ್’ ಅಂದ್ರೆ ಏನ್ ಮಾಡೋದು?

ಉತ್ತರ: ನೇಪಥ್ಯ

ಜರಿ ಅಂಗಿ, ಮಣಿಸರ ಉಜ್ಜಿ ಕಾಲರ್ ಮೈಕಲ್ಲಿ ಬರೀ ಚರಚರ ಕೇಳುತ್ತೆ. ರಂಗದ ಅಂಚಿಗೆ ಆರಾರಡಿಗೊಂದರಂತೆ ಮೂರು ಮೈಕ್ ಇಡಿ, ಅಡಿಯಲ್ಲಿ ಸ್ಪಂಜಿರಲಿ, ಹೆಜ್ಜೆ ಸದ್ದು ಹಿಡಿಯಲ್ಲ. ಸ್ಪೀಕರ್ ಮೈಕಿಗಿಂತ ಮುಂದೆ ಇರಬೇಕು, ಹಿಂದಾದರೆ ಕೂಗುತ್ತೆ. ವನ್ಸ್ ಮೋರ್ ನಾಟಕಕ್ಕೆ ಎರಡೇ ಸಲ, ಅದೂ ಪಲ್ಲವಿ ಮಾತ್ರ.

ಉತ್ತರ: ಕಪ್ಪು ಬಿಳುಪು

ಇದೊಂದಕ್ಕೆ ನನ್ನ ಒಪ್ಪಿಗೆ ಇಲ್ಲ. ಎಣಿಸಿ ಕೊಡೋ ವನ್ಸ್ ಮೋರ್ ಜನಕ್ಕೆ ಗೊತ್ತಾಗುತ್ತೆ. ಹಾಡಿದವರಿಗೆ ಉಸಿರು ಇದ್ರೆ ಕೊಡಲಿ, ಸಮಯ ಬೇಕಾದ್ರೆ ಮುಂದಿನ ಒಂದು ವೃತ್ತ ಬಿಡಿ. ಯಾವ ವೃತ್ತ ಅಂತ ಮೊದಲೇ ಪೆಟ್ಟಿಗೆ ಮೇಷ್ಟ್ರಿಗೂ ಪ್ರಾಂಪ್ಟರಿಗೂ ಹೇಳಿರಿ.