ಮನೆ ಹಿಂದಿನ ಬರೆ ಬಿರುಕು ಬಿಟ್ಟಿದೆ: ತಡೆಗೋಡೆ ಮೊದಲೋ, ಚರಂಡಿ ಮೊದಲೋ?

ಬರೆಬದಿಯ ಮನೆ:
ಮಡಿಕೇರಿಯ ಹೊರವಲಯದಲ್ಲಿ ನಮ್ಮ ಮನೆ. ಹಿಂದಿನ ಮಾಲೀಕರು ಗುಡ್ಡ ಕಡಿಸಿ ಮಟ್ಟ ಮಾಡಿಸಿದ ಜಾಗ. ಅಡುಗೆಮನೆಯ ಗೋಡೆಯಿಂದ ಆರಡಿ ಬಿಟ್ಟರೆ ಹದಿನೆಂಟು ಅಡಿ ಎತ್ತರದ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ, ನೆಟ್ಟಗೆ ನಿಂತಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಇಳಿದಾಗಲೂ ಇದಕ್ಕೆ ಏನೂ ಆಗಿರಲಿಲ್ಲವಂತೆ. ಆ ಧೈರ್ಯದ ಮೇಲೆ ಕೊಂಡೆವು. ಕಳೆದ ಮಳೆಗಾಲದ ಕೊನೆಗೆ ಬರೆಯ ನೆತ್ತಿಯಲ್ಲಿ, ಅಂಚಿನಿಂದ ನಾಲ್ಕಡಿ ಒಳಗೆ, ಬೆರಳು ಇಳಿಯುವಷ್ಟು ಬಿರುಕು ಕಂಡಿತು. ಬುಡದಲ್ಲಿ ಒಂದು ಕಡೆ ನೀರು ಒಸರುತ್ತದೆ. ಮೇಸ್ತ್ರಿ ಸೈಜುಗಲ್ಲಿನ ತಡೆಗೋಡೆಗೆ ನಾಲ್ಕೂವರೆ ಲಕ್ಷ ಹೇಳಿದ್ದಾರೆ. ನೀರಿಗೆ ತೂತು ಬಿಟ್ಟರೆ ಗೋಡೆಯ ಮೇಲೆ ಪಾಚಿ ಇಳಿಯುತ್ತದೆ, ಬೇಡ ಎನ್ನುತ್ತಾರೆ. ಮಳೆಗೆ ಮೊದಲು ಯಾವುದನ್ನು ಮಾಡಿಸಲಿ?

ತೋಟದವ:
ಗೋಡೆಗೆ ಅಷ್ಟು ಹಣ ಸುರಿಯುವ ಮೊದಲು ಲಾವಂಚ ನೆಡಿ. ಬೇರು ಎರಡು ಮೂರು ಮೀಟರ್ ನೇರ ಕೆಳಗಿಳಿಯುತ್ತದೆ. ನಮ್ಮ ತೋಟದ ದಾರಿಯ ಬದಿ ಅದರಿಂದಲೇ ನಿಂತಿದೆ. ಮೇಲ್ಗಡೆ ಎರಡು ಇಂಗುಗುಂಡಿ ತೆಗೆಸಿದರೆ ನೀರು ಅಂಚಿಗೆ ಹರಿಯುವುದೂ ನಿಲ್ಲುತ್ತದೆ.

ನಿವೃತ್ತ ಓವರ್‌ಸಿಯರ್:
ಇಂಗುಗುಂಡಿಯ ಮಾತನ್ನು ದಯವಿಟ್ಟು ಇಲ್ಲಿಗೇ ಬಿಡಿ. ಒಂದು ಘನ ಮೀಟರ್ ನೀರೆಂದರೆ ಒಂದು ಟನ್ ಭಾರ. ಬಿರುಕು ಬಿಟ್ಟ ಬರೆಯ ತಲೆಯ ಮೇಲೆ ಅದನ್ನು ಹೊರಿಸಿ, ಒಳಗಿನ ಮಣ್ಣನ್ನೂ ನೆನೆಸಿ, ಆಮೇಲೆ ಕುಸಿಯಿತೆಂದು ಮಳೆಯನ್ನು ಬೈಯುವುದೇ?

ಮೊದಲು ಬಿರುಕು. ಗುದ್ದಲಿಯಿಂದ ಸ್ವಲ್ಪ ಬಿಡಿಸಿ, ಅಂಟುಮಣ್ಣು ತುಂಬಿ, ಗುದ್ದಿ ಗಟ್ಟಿ ಮಾಡಿ. ಮೇಲೆ ದಿಬ್ಬದಂತೆ ಉಬ್ಬಿಸಿ ಟಾರ್ಪಾಲು ಹೊದಿಸಿ. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಂತರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬಳಿಕ ಚರಂಡಿ: ಬಿರುಕಿಗಿಂತ ಮೇಲೆ, ಗಟ್ಟಿ ನೆಲದಲ್ಲಿ, ಇಳಿಜಾರಿಗೆ ಅಡ್ಡವಾಗಿ. ಸಿಮೆಂಟ್ ಮಾಡಿಸಿ ಪಕ್ಕದಿಂದ ರಸ್ತೆ ಚರಂಡಿಯವರೆಗೆ ಒಯ್ಯಿರಿ. ಅರ್ಧಕ್ಕೆ ನಿಂತ ಚರಂಡಿ, ಒಡೆದ ಚರಂಡಿ, ಇವೆರಡೂ ಇಲ್ಲದಿರುವುದೇ ಲೇಸು. ಎಲ್ಲ ನೀರನ್ನೂ ಒಂದೇ ಜಾಗಕ್ಕೆ ತಂದು ಸುರಿಯುತ್ತವೆ.

ಗೋಡೆ ಆಮೇಲೆ. ತೂತಿಲ್ಲದ ಗೋಡೆಗೆ ಒಂದು ರೂಪಾಯಿ ಕೊಡಬೇಡಿ. ನಾನು ಕಂಡ ಉಬ್ಬಿದ ಗೋಡೆಗಳಲ್ಲಿ ಹೆಚ್ಚಿನವು ಹಿಂದೆ ನಿಂತ ನೀರಿನಿಂದ ಉಬ್ಬಿದವು. ಒಂದೂವರೆ ಮೀಟರಿಗೊಂದರಂತೆ ಮೂರಿಂಚಿನ ಪೈಪು, ಹೊರಕ್ಕೆ ತುಸು ಬಾಗಿರಲಿ. ಹಿಂದೆ ಒಂದಡಿ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ. ಮೇಸ್ತ್ರಿಗೆ ಪಾಚಿಯ ಚಿಂತೆಯಾದರೆ ಪೈಪನ್ನು ನಾಲ್ಕಿಂಚು ಹೊರಚಾಚಲಿ. ಪಾಯಕ್ಕೆ ಬುಡವನ್ನು ಉದ್ದಕ್ಕೂ ಒಮ್ಮೆಲೇ ಅಗೆಯಬಾರದು, ತುಂಡು ತುಂಡಾಗಿ ಅಗೆದು ಕಟ್ಟಬೇಕು, ಅದೂ ಬೇಸಿಗೆಯಲ್ಲಿ. ಹದಿನೆಂಟು ಅಡಿಗೆ ಮೇಸ್ತ್ರಿಯ ಅಂದಾಜು ಸಾಲದು. ಎಂಜಿನಿಯರ್ ನಕ್ಷೆ ಬೇಕೇ ಬೇಕು. ಮೇಲಿನ ಜಾಗ ನಿಮ್ಮದೇ ಆಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ ಎತ್ತರ ಇಳಿಸಿ.

2018ರಲ್ಲಿ ಉಳಿಯಿತು ಎಂಬ ಧೈರ್ಯ ನನಗೆ ಅರ್ಥವಾಗದು. ಆ ವರ್ಷದ ಬಳಿಕ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬೆಟ್ಟು ಮಾಡಿದ್ದೂ ರಸ್ತೆ, ಮನೆಗೆಂದು ಇಳಿಜಾರು ಕಡಿದದ್ದನ್ನೇ. ನಿಮ್ಮ ಬರೆ ಅದೇ ಜಾತಿಯದು.

ತೋಟದವ:
ಗುಂಡಿಯ ವಿಷಯ ಒಪ್ಪಿದೆ. ಲಾವಂಚವನ್ನು ಬಿಡಲಾರೆ! ಚರಂಡಿಯ ಅಂಚಿಗಾದರೂ ಅಡ್ಡಸಾಲಿನಲ್ಲಿ ನೆಡಿ, ಸಾಲಿನೊಳಗೆ ಗೇಣಿಗಿಂತ ಹತ್ತಿರ.

ಬರೆಬದಿಯ ಮನೆ:
ಮೇಲಿನ ಜಾಗ ನೆರೆಯವರದು. ನಿನ್ನೆ ಹತ್ತಿ ನೋಡಿದೆ. ಅವರ ಟ್ಯಾಂಕ್ ತುಂಬಿ ಹರಿದ ನೀರು ನೇರ ಬಿರುಕಿನತ್ತ ಇಳಿಯುತ್ತಿದೆ. ಪೈಪು ತಿರುಗಿಸಲು ಒಪ್ಪಿದ್ದಾರೆ, ಚರಂಡಿಗೆ ಜಾಗವನ್ನೂ ಕೊಡುತ್ತಾರಂತೆ. ಖರ್ಚಿನ ಮಾತೆತ್ತಿದರೆ ಮೌನ.

ನಿವೃತ್ತ ಓವರ್‌ಸಿಯರ್:
ಜಾಗ ಕೊಟ್ಟಿದ್ದಾರಲ್ಲ, ಈಗ ನೀವೇ ಹಾಕಿ. ಲೆಕ್ಕ ಹಂಚಿಕೊಳ್ಳುವ ಜಗಳ ಮಳೆಗಾಲ ಕಳೆದ ಮೇಲೂ ಆಡಬಹುದು. ಅವರ ಶೌಚದ ಇಂಗುಗುಂಡಿ ಎಲ್ಲಿದೆಯೆಂದೂ ಕೇಳಿ. ಗೂಟಗಳ ಅಂತರ ಹೆಚ್ಚಿದರೆ, ಒಸರುವ ನೀರು ಕೆಂಪಗಾದರೆ ಅಥವಾ ಇದ್ದಕ್ಕಿದ್ದಂತೆ ನಿಂತುಹೋದರೆ, ಆ ರಾತ್ರಿ ಅಲ್ಲಿ ಮಲಗಬೇಡಿ. ಮನೆ ಬಿಟ್ಟು ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ.