ಪದಚರ್ಚೆ: ಕೇಪಿನ ಮನೆಯ ‘ಕ್ರಿಂಪ್’ ತೆಗೆಯುವುದಕ್ಕೆ ಏನನ್ನೋಣ?

ವಿಜಯಪುರದಿಂದ ಪ್ರಶ್ನೆ

ಸೇನೆಯ ಪಿಸ್ತೂಲಿನಲ್ಲಿ ಒಮ್ಮೆ ಸಿಡಿದ 9 ಮಿ.ಮೀ. ಕಾಡತೂಸುಗಳ ಖಾಲಿ ಹಿತ್ತಾಳೆಯನ್ನು ಮತ್ತೆ ತುಂಬಲು ಅಣಿಮಾಡುವ ಬಗೆ ಹೇಳುವ ಅಮೆರಿಕದ ಕೈಪಿಡಿಯೊಂದರ ಅಧ್ಯಾಯ ಕನ್ನಡಕ್ಕೆ ಬರುತ್ತಿದೆ. ನಾಲ್ಕು ಕಡೆ ಗಾಡಿ ನಿಂತಿದೆ. ‘ಬ್ರಾಸ್’ ಅನ್ನು ಹಿತ್ತಾಳೆ ಎಂದೇ ಬಿಡಬಹುದೇ? ಮದ್ದಿಗೆ ಕಿಡಿ ಹೊತ್ತಿಸುವ ‘ಪ್ರೈಮರ್’ಗೆ ‘ರಂಜಕ’ ಸಾಲದೇ? ಮಲಿಕ್-ಎ-ಮೈದಾನ್ ತೋಪು ಇರುವ ಊರಿನವರಿಗೆ ಆ ಪದ ಬಿಡಲು ಮನಸ್ಸಿಲ್ಲ. ‘ಕ್ರಿಂಪ್’ಗೆ ನಿಘಂಟು ‘ಸುಕ್ಕು, ನಿರಿಗೆ’ ಎನ್ನುತ್ತದೆ, ಹೊಂದುತ್ತಿಲ್ಲ. ‘ಸ್ವೇಜ್’, ‘ರೀಮ್’ ಎರಡಕ್ಕೂ ‘ಅಗಲಿಸು’ ಎಂದು ಬರೆದರೆ ತಪ್ಪೇನು?

ಬೆಳಗಾವಿಯಿಂದ ಉತ್ತರ

ಕೊನೆಯ ಪ್ರಶ್ನೆ ಮೊದಲು. ಪದ ತಪ್ಪಿದರೆ ಸಾಮಾನು ಕೆಡುವ ಜಾಗ ಅದೇ.

ಸೇನೆಗೆ ಹೋಗುವ ಕಾಡತೂಸಿನಲ್ಲಿ ಕೇಪು (ಪ್ರೈಮರಿಗೆ ನನ್ನ ಪದ, ಅದು ಕೂರುವ ಗುಳಿ ‘ಮನೆ’) ಸಡಿಲಾಗಿ ಹಿಂದಕ್ಕೆ ಬಂದು ಬಂದೂಕಿನ ಯಂತ್ರದಲ್ಲಿ ಸಿಕ್ಕಿಕೊಳ್ಳಬಾರದು. ಅದಕ್ಕೆ ಕಾರ್ಖಾನೆಯಲ್ಲಿ ಕೇಪು ಕೂರಿಸಿದ ಮೇಲೆ ಸುತ್ತಲಿನ ಹಿತ್ತಾಳೆಯ ಅಂಚನ್ನು ಒಳಕ್ಕೆ ಒತ್ತಿ ಹಿಡಿಸುತ್ತಾರೆ, ಅದೇ ‘ಕ್ರಿಂಪ್’. ಅಕ್ಕಸಾಲಿಗರು ಹರಳು ಕೂರಿಸಿ ಸುತ್ತಲಿನ ಚಿನ್ನದ ತುಟಿಯನ್ನು ಅದರ ಮೇಲೆ ಮಗುಚುವ ಹಾಗೆ. ಕೆಲವದರಲ್ಲಿ ಪೂರ್ತಿ ಉಂಗುರ, ಕೆಲವದರಲ್ಲಿ ಮೂರು ನಾಲ್ಕು ಚುಚ್ಚುಗುರುತು. ಹಳೆಯ ಕೇಪನ್ನು ಒಳಗಿನಿಂದ ಸೂಜಿ ಹಾಕಿ ತಳ್ಳಿದರೆ ಕೇಪು ಹೊರಬೀಳುತ್ತದೆ, ಮಗುಚಿದ ತುಟಿ ಅಲ್ಲೇ ಉಳಿಯುತ್ತದೆ. ಅದನ್ನು ತೆಗೆಯದೆ ಹೊಸ ಕೇಪು ತಳ್ಳಿದರೆ ಅದರ ಅಂಚು ಹೆರೆದು ಹೋಗುತ್ತದೆ, ಇಲ್ಲವೆ ಅಡ್ಡಲಾಗಿ ಕೂತು ಜಜ್ಜುತ್ತದೆ. ಬಲವಂತ ಮಾಡಿದರೆ ಕೈಯಲ್ಲೇ ಸಿಡಿಯಲೂಬಹುದು.

ತುಟಿ ತೆಗೆಯುವ ದಾರಿ ಎರಡು. ಸ್ವೇಜ್ ಮಾಡುವಾಗ ಒಳಗೊಂದು ಸರಳು ಆಸರೆ ಕೊಟ್ಟು, ತಳದಿಂದ ಗಟ್ಟಿ ಉಕ್ಕಿನ ಗುಂಡುತುದಿಯನ್ನು ಒತ್ತುತ್ತಾರೆ. ಲೋಹ ಎಲ್ಲೂ ಹೋಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ರೀಮ್ ಮಾಡುವಾಗ ಅಲಗು ತಿರುಗಿಸಿ ಲೋಹವನ್ನು ಕತ್ತರಿಸಿ ತೆಗೆಯುತ್ತಾರೆ. ಕೆಡುವ ಬಗೆಯೂ ಬೇರೆ. ಒತ್ತುವಾಗ ಒಳಗಿನ ಆಸರೆ ಸರಳು ಕೋಶದ (ಖಾಲಿ ಹಿತ್ತಾಳೆಯ) ತಳಕ್ಕೆ ಸರಿಯಾಗಿ ತಾಗದಿದ್ದರೆ ಒಂದು ಕೋಶದ ತುಟಿ ಹಾಗೆಯೇ ಉಳಿದು, ಇನ್ನೊಂದರ ಮನೆ ಹಿಗ್ಗುತ್ತದೆ. ಅಲಗಿನಲ್ಲಿ ಒಂದೆರಡು ಸುತ್ತು ಹೆಚ್ಚಾದರೆ ಗೋಡೆಯೇ ಸವೆದು ಕೇಪು ನಿಲ್ಲುವುದಿಲ್ಲ. ‘ಅಗಲಿಸು’ ಎಂದರೆ ಓದುಗ ಮನೆಯ ಅಳತೆಯನ್ನೇ ಹೆಚ್ಚಿಸಿಬಿಟ್ಟಾನು. ಉದ್ದೇಶ ಅದಲ್ಲ, ಸಣ್ಣ ಕೇಪಿನ ಸುಮಾರು 4.45 ಮಿ.ಮೀ. ವ್ಯಾಸ ಹಾಗೆಯೇ ಇರಬೇಕು, ಮನೆಯ ಅಂಚಿನ ಅಡ್ಡಿ ಮಾತ್ರ ಹೋಗಬೇಕು. ಆದ್ದರಿಂದ ಒಂದಕ್ಕೆ ‘ತುಟಿ ಒತ್ತು’, ಇನ್ನೊಂದಕ್ಕೆ ‘ತುಟಿ ಕತ್ತರಿಸು’. ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಶೆಡ್ಡುಗಳಲ್ಲಿ ‘ರೀಮರ್ ಹೊಡಿ’ ಎಂದರೆ ಸಾಕು, ಯಾರಿಗೂ ವಿವರಣೆ ಬೇಡ. ಅದನ್ನೇ ಬರೆದರೂ ತಕರಾರಿಲ್ಲ.

ಹಾಗಾದರೆ ‘ಕ್ರಿಂಪ್’? ಇಂಗ್ಲಿಷಿನವರು ಇದೇ ಪದವನ್ನು ಇನ್ನೊಂದು ತುದಿಗೂ ಬಳಸುತ್ತಾರೆ: ಗುಂಡು ಅಲುಗದಂತೆ ಕೋಶದ ಬಾಯನ್ನು ಬಿಗಿ ಮಾಡುವುದಕ್ಕೆ. ಕನ್ನಡದಲ್ಲಿ ಎರಡನ್ನೂ ಬೇರೆ ಇಡಲೇಬೇಕು. ಕೇಪಿನ ಕಡೆಯದು ‘ತುಟಿ’, ಗುಂಡಿನ ಕಡೆಯದು ‘ಬಾಯಿಬಿಗಿ’. 9 ಮಿ.ಮೀ. ಕಾಡತೂಸು ಪಿಸ್ತೂಲಿನ ಕೋಣೆಯಲ್ಲಿ (ಚೇಂಬರ್) ಬಾಯಂಚಿನ ಮೇಲೆಯೇ ಆತು ನಿಲ್ಲುತ್ತದೆ. ಆದ್ದರಿಂದ ಅಲ್ಲಿ ಬಾಯನ್ನು ನೇರಕ್ಕೆ ತಂದು ಲಘುವಾಗಿ ಬಿಗಿ ಮಾಡುತ್ತಾರೆಯೇ ಹೊರತು ರಿವಾಲ್ವರಿನದರಂತೆ ಒಳಕ್ಕೆ ಸುರುಳಿಸುವುದಿಲ್ಲ. ‘ಮಡಚು’ ಎಂದು ಬರೆದರೆ ಆ ಅಂಚೇ ಇಲ್ಲವಾಗುತ್ತದೆ.

ರಂಜಕದ ಬಗ್ಗೆ: ಪದ ಚೆನ್ನಾಗಿದೆ, ವಸ್ತು ಅದಲ್ಲ. ರಂಜಕವೆಂದರೆ ತೋಪಿನ ಕಿವಿಗೆ, ಅಂದರೆ ಬೆಂಕಿ ಮುಟ್ಟಿಸುವ ತೂತಿಗೆ, ಸುರಿಯುವ ಬಿಡಿ ಮದ್ದು. ಇದು ಲೋಹದ ಬಟ್ಟಲು, ಅದರಲ್ಲಿ ಪೆಟ್ಟು ಬಿದ್ದರೆ ಸಿಡಿಯುವ ಮಿಶ್ರಣ, ಅದರ ಮೇಲೆ ಆ ಪೆಟ್ಟಿನ ಎದುರು ನಿಲ್ಲುವ ಪುಟ್ಟ ಅಡಿಗಲ್ಲು (ಆನ್ವಿಲ್), ಮೂರೂ ಸೇರಿದ ಬಿಡಿಭಾಗ. ಮಲೆನಾಡಿನ ಕೇಪಿನ ಕೋವಿಯ ‘ಕೇಪು’ ಇದಕ್ಕೆ ಹತ್ತಿರ.

ಅಡಿಗಲ್ಲಿನ ವಿಷಯ ಕೈಪಿಡಿಯಲ್ಲಿ ಖಂಡಿತ ಬರುತ್ತದೆ. 1860ರ ದಶಕದಲ್ಲಿ ಕೇಪಿನ ಎರಡು ಬಗೆ ಹುಟ್ಟಿದವು. ಬಾಕ್ಸರ್ ಬಗೆಯಲ್ಲಿ ಅಡಿಗಲ್ಲು ಕೇಪಿನೊಳಗೇ ಇರುತ್ತದೆ, ಕೋಶದ ತಳದ ನಡುವೆ ಒಂದೇ ಕಿಡಿಗಂಡಿ (ಕಿಡಿ ಒಳಗಿನ ಮದ್ದಿಗೆ ಹೋಗುವ ತೂತು). ಬರ್ಡನ್ ಬಗೆಯಲ್ಲಿ ಅಡಿಗಲ್ಲು ಕೋಶದ್ದೇ ಭಾಗ, ಅದರ ಅಕ್ಕಪಕ್ಕ ಸಾಮಾನ್ಯವಾಗಿ ಎರಡು ಸಣ್ಣ ಕಿಡಿಗಂಡಿ. ಬಾಕ್ಸರ್ ಇಂಗ್ಲಿಷ್ ಅಧಿಕಾರಿ, ಬರ್ಡನ್ ಅಮೆರಿಕದವನು. ಆದರೆ ಅಮೆರಿಕದಲ್ಲಿ ನಿಂತದ್ದು ಬಾಕ್ಸರನದು, ಯುರೋಪಿನ ಸೇನೆಗಳಲ್ಲಿ ಹೆಚ್ಚು ನಡೆದದ್ದು ಬರ್ಡನನದು. ಕೋಶದೊಳಗೆ ಟಾರ್ಚ್ ಬಿಟ್ಟು ನೋಡದೆ ಬರ್ಡನ್ ಕೋಶಕ್ಕೆ ಸೂಜಿ ಒತ್ತಿದರೆ ನಡುವೆ ತೂತೇ ಇಲ್ಲ, ಸೂಜಿ ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ‘ಫ್ಲಾಶ್ ಹೋಲ್’ಗೆ ‘ಕಿಡಿಗಂಡಿ’ ಇರಲಿ. ಮನಸ್ಸಿದ್ದರೆ ‘ಕಿವಿ’ ಅನ್ನಿ, ನಿಮ್ಮ ತೋಪಿಗೂ ಮರ್ಯಾದೆ.

‘ಬ್ರಾಸ್’ ಮಾತ್ರ ಹಿತ್ತಾಳೆ ಆಗದು. ‘ಮಿಲಿಟರಿ ಹಿತ್ತಾಳೆ’ ಎಂದರೆ ಗುಜರಿಯಲ್ಲಿ ಕಿಲೋ ಲೆಕ್ಕದ ಮಾಲು ಕಣ್ಣಿಗೆ ಬರುತ್ತದೆ. ಪತ್ರಿಕೆಗಳ ‘ಖಾಲಿ ಕೋಶ’ ವಾಸಿ, ನಿಘಂಟಿನವರಿಗೆ ಕೋಶವೆಂದರೆ ಬೇರೆಯೇ ಆದರೂ. ಪಂಚನಾಮೆ, ವರದಿಗಳ ‘ಸಜೀವ ಗುಂಡು’ ಅನ್ನು ಇಲ್ಲಿ ತರಬೇಡಿ. ಅಲ್ಲಿ ‘ಗುಂಡು’ ಎಂದರೆ ಇಡೀ ಕಾಡತೂಸು, ಕೈಪಿಡಿಯಲ್ಲಿ ಗುಂಡು ಎಂದರೆ ಮುಂದಿನ ಸೀಸದ ತುಂಡು ಮಾತ್ರ. ಅಧ್ಯಾಯದ ತಲೆಯಲ್ಲೇ ಒಂದು ಸಾಲು ಹಾಕಿ: ಭಾರತದಲ್ಲಿ ಪರವಾನಗಿ ಇಲ್ಲದೆ ಕಾಡತೂಸು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ಬಾಗಲಕೋಟೆಯಿಂದ

‘ಮನಿ’ ಅನ್ನೂದು ಬರೋಬರಿ. ನಮ್ಮ ಕಡೆ ಹಳ್ಳಿನ ಮನಿ ಅಂತನ ಅಂತಾರ, ‘ಗುಣಿ’ ಅಂದ್ರ ಅಳಗುಣಿ ಮಣಿ ನೆನಪಾಗ್ತೈತಿ. ಆದ್ರ ತೊಳಿಯೂದರ ಮಾತ ಬರಲಿಲ್ಲಲ್ಲ? ಹಿತ್ತಾಳಿ ಅಂದಮ್ಯಾಲ ಹುಣಸಿಹುಳಿ ಹಚ್ಚಿ ತಿಕ್ಕಿದ್ರ ಆಗೂದಿಲ್ಲೇನ? ಕೋಶ ತಿರುಗಿಸಿ ತೊಳಿಯೋ ‘ಟಂಬಲರ್’ಗೆ ಏನಂತೀರಿ?

ಬೆಳಗಾವಿಯಿಂದ ಮತ್ತೆ

ಟಂಬಲರ್‌ಗೆ ‘ಉರುಳುಡಬ್ಬಿ’. ಆಕ್ರೋಟದ ಚಿಪ್ಪಿನ ಪುಡಿ, ಮೆಕ್ಕೆಜೋಳದ ದಿಂಡಿನ ನುಚ್ಚು ಹಾಕಿ ಒಣದಾಗಿ ತಿರುಗಿಸಬಹುದು. ನೀರು, ಸೋಪು, ಸ್ಟೀಲ್ ಸೂಜಿ ಹಾಕಿ ಒದ್ದೆಯಾಗಿಯೂ ತಿರುಗಿಸಬಹುದು. ಸಾಮಾನ್ಯ ಕೇಪಿನ ಮಸಿಯಲ್ಲಿ ಸೀಸ ಇರುತ್ತದೆ, ಒಣ ಡಬ್ಬಿಯ ಮುಚ್ಚಳ ತೆಗೆದಾಗ ಏಳುವ ಧೂಳು ಎದೆಗೆ ಹೋಗುತ್ತದೆ. ಆದ್ದರಿಂದ ಒದ್ದೆಯದೇ ಮೇಲು. ಅಡುಗೆಮನೆಯ ಪಾತ್ರೆ, ಸಿಂಕು ಬೇಡ. ಸೂಜಿಯೊಂದು ಕೋಶದಲ್ಲೋ ಕಿಡಿಗಂಡಿಯಲ್ಲೋ ಉಳಿಯದಂತೆ ನೋಡಬೇಕು.

ಹುಣಸೆಹುಳಿ ಕೊಳೆ ತೆಗೆಯುತ್ತದೆ, ನಿಜ. ಆದರೆ ಕಾಡತೂಸಿನ ಹಿತ್ತಾಳೆ 70 ಭಾಗ ತಾಮ್ರ, 30 ಭಾಗ ಸತು. ಹುಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೇಲಿನ ಸತು ಕರಗಿ ಗುಲಾಬಿ ಬಣ್ಣ ಬರುತ್ತದೆ. ತಂಬಿಗೆಗೆ ಅದು ನಡೆಯುತ್ತದೆ, ಒತ್ತಡ ತಡೆಯಬೇಕಾದ ಕೋಶಕ್ಕೆ ಬೇಡ. ಇದಕ್ಕಿಂತ ಕೆಟ್ಟದ್ದು ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್. ಬ್ರಿಟಿಷ್ ಕಾಲದ ಭಾರತದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ಕಾಡತೂಸುಗಳು ತಮ್ಮಷ್ಟಕ್ಕೆ ಸೀಳುತ್ತಿದ್ದವು. ಅದಕ್ಕೆ ಕುದುರೆ ಮೂತ್ರದ ಅಮೋನಿಯಾ ಕಾರಣವೆಂದು 1921ರಲ್ಲಿ ತೋರಿಸಿದರು. ಇಂಗ್ಲಿಷಿನಲ್ಲಿ ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’. ‘ಋತು ಬಿರುಕು’ ಎಂದು ಯಾರೋ ಬರೆದದ್ದಿದೆ, ನಗು ಬರುತ್ತದೆ. ‘ಮಳೆಗಾಲದ ಸೀಳು’ ಎಂದರೆ ಅರ್ಥವೂ ಇತಿಹಾಸವೂ ಉಳಿಯುತ್ತವೆ.

ಇನ್ನೊಂದು ಪದ ಯಾರೂ ಕೇಳಲಿಲ್ಲ: ‘ಹೆಡ್‌ಸ್ಟಾಂಪ್’. ‘ತಲೆಮುದ್ರೆ’ ಬೇಡ, ಕನ್ನಡದಲ್ಲಿ ಅದು ತಳ. ‘ತಳದಚ್ಚು’ ಸಾಕು. ಖಡಕಿ ಕಾರ್ಖಾನೆಯ ಮಾಲಿನಲ್ಲಿ ಕೆ.ಎಫ್. ಅಕ್ಷರ, ನೇಟೋ ಮಾಲಿನಲ್ಲಿ ವೃತ್ತದೊಳಗೆ ಶಿಲುಬೆ, ಪಕ್ಕದಲ್ಲಿ ತಯಾರಾದ ಇಸವಿಯ ಕೊನೆಯ ಅಂಕಿಗಳು. ಕೆಲಸಕ್ಕೆ ಮೊದಲು ತಳದಚ್ಚಿನ ಪ್ರಕಾರ ಬೇರೆ ಬೇರೆ ಗುಡ್ಡೆ ಮಾಡಬೇಕು: ಒಬ್ಬೊಬ್ಬ ತಯಾರಕನ ಕೋಶದಲ್ಲಿ ತಳದ ದಪ್ಪ ಬೇರೆ, ಗುಡ್ಡೆ ಬದಲಾದಾಗ ಆಸರೆ ಸರಳನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಹೊಸ ಕೇಪು ಹದವಾಗಿ ಬಿಗಿಯುತ್ತಾ ಒಳಗೆ ಹೋಗಿ ತಳಕ್ಕಿಂತ 0.08ರಿಂದ 0.13 ಮಿ.ಮೀ. ಕೆಳಗೆ ಕೂರಬೇಕು. ಬೆರಳು ಸವರಿದಾಗ ಉಬ್ಬು ಸಿಕ್ಕರೆ ತುಟಿ ಉಳಿದಿದೆ; ಬಿಗಿಯೇ ಇಲ್ಲದೆ ಜಾರಿ ಹೋದರೆ ಮನೆ ಹಿಗ್ಗಿದೆ, ಆ ಕೋಶ ಗುಜರಿಗೆ.